ಮೋಡದ ಕಾವು: ಘಾಟಬೋರಾಳ ಸೀಮೆಯ ಇರುಳ ಅರಿವು ಮತ್ತು ಅವಕೆಂಪು ವಿಕಿರಣದ ಮಾಪನ

ಕನ್ನಡ ಜಾನಪದ ಅಧ್ಯಯನದಲ್ಲಿ ಮೋಡವೆಂದರೆ ಮಳೆ. ಗುರ್ಜಿಯ ಆಚರಣೆ, ಜೋಕುಮಾರನ ಕಥನ, ಕಪ್ಪೆಯ ಮದುವೆ, ರೋಹಿಣಿಯಿಂದ ಸ್ವಾತಿಯವರೆಗೆ ನಕ್ಷತ್ರಗಳ ಹೆಸರಿನಲ್ಲಿ ಎಣಿಸುವ ಮಳೆಗಳು ಇವೆಲ್ಲ ಕಳೆದ ಅರ್ಧ ಶತಮಾನದಲ್ಲಿ ಸಾಕಷ್ಟು ಸಂಗ್ರಹಗೊಂಡಿವೆ, ವಿಶ್ಲೇಷಣೆಗೂ ಒಳಗಾಗಿವೆ. ಆದರೆ ಮೋಡವು ನೆಲಕ್ಕೆ ಕೊಡುವುದು ನೀರನ್ನು ಮಾತ್ರವಲ್ಲ, ಕಾವನ್ನೂ ಕೊಡುತ್ತದೆ. ಕಣ್ಣಿಗೆ ಕಾಣದ ಈ ಕಾವನ್ನು ವಿಜ್ಞಾನವು ಅವಕೆಂಪು ವಿಕಿರಣವೆಂದು ಕರೆದು, ನೆಲದ ಮೇಲೆಯೂ ಹಡಗಿನ ಅಟ್ಟದ ಮೇಲೆಯೂ ಉಪಕರಣಗಳನ್ನು ಮುಗಿಲಿನತ್ತ ಮುಖಮಾಡಿ ಇಟ್ಟು ಅಳೆದಿದೆ. ಹಿಂಗಾರಿ ಬೆಳೆಯನ್ನು ನಂಬಿದ ಒಕ್ಕಲಿಗ ಸಮುದಾಯಗಳು ಅದನ್ನು ಮೈಯಿಂದ, ಬೆಳೆಯಿಂದ, ಬಟ್ಟೆಯಿಂದ ಗುರುತಿಸಿವೆ. ಈ ಎರಡು ಅರಿವುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬೀದರ್ ಜಿಲ್ಲೆಯ ಹುಮನಾಬಾದ್-ಬಸವಕಲ್ಯಾಣ ಭಾಗದ ಘಾಟಬೋರಾಳ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಡಲ ಮೋಡಗಳ ಮಾತಿಗೆ ಕಡಲೇ ಕಾಣದ ಊರನ್ನು ಆರಿಸಿಕೊಂಡದ್ದೇಕೆ ಎಂದು ಓದುಗರು ಕೇಳಬಹುದು. ಈ ಸೀಮೆ ಅರಬ್ಬೀ ಸಮುದ್ರದಿಂದಲೂ ಬಂಗಾಳ ಕೊಲ್ಲಿಯಿಂದಲೂ ಹೆಚ್ಚುಕಡಿಮೆ ಒಂದೇ ದೂರದಲ್ಲಿದೆ. ಎರಡೂ ಕಡೆಗೆ ನಾನೂರು ಕಿಲೋಮೀಟರಿಗಿಂತ ಹೆಚ್ಚು. ಮುಂಗಾರಿನಲ್ಲಿ ಪಡುವಣ ಕಡಲಿನ ತೇವ ಸಹ್ಯಾದ್ರಿಯನ್ನು ದಾಟಿ, ಬಹುಪಾಲು ನೀರನ್ನು ಅಲ್ಲಿಯೇ ಚೆಲ್ಲಿ, ಉಳಿದದ್ದನ್ನು ಹೊತ್ತು ಇಲ್ಲಿಗೆ ಬರುತ್ತದೆ. ಕಾರ್ತಿಕ-ಮಾರ್ಗಶಿರಗಳಲ್ಲಿ ಮೂಡಣ ಕೊಲ್ಲಿಯ ವಾಯುಭಾರ ಕುಸಿತಗಳು ತಮ್ಮ ಮೋಡದ ಸೆರಗನ್ನು ಇಲ್ಲಿಯವರೆಗೆ ಹಾಸುತ್ತವೆ. ಈ ಬಯಲ ಮೇಲಿನ ಮೋಡ ಬಹುಮಟ್ಟಿಗೆ ಕಡಲಿನದೇ. ಅದಕ್ಕಿಂತ ಮುಖ್ಯವಾದ ಮತ್ತೊಂದು ಕಾರಣವೂ ಉಂಟು. ಮೋಡದ ಕಾವು ಕಡಲ ಮೇಲೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದು ಎದ್ದು ಕಾಣುವುದು ಇಂಥ ಒಣ ಎತ್ತರದ ನೆಲದಲ್ಲಿಯೇ. ಇದನ್ನು ಮುಂದೆ ವಿವರಿಸಲಾಗುವುದು.

ಮೊದಲು ಭಾಷೆಯನ್ನು ನೋಡೋಣ. ಉತ್ತರ ಕರ್ನಾಟಕದ ಬಹುಭಾಗದಲ್ಲಿ ಮೋಡಕ್ಕೆ 'ಮಾಡ' ಎನ್ನುತ್ತಾರೆ. ಮಾಡ ಮುಚ್ಚುತ್ತದೆ, ಮಾಡ ಬಿಚ್ಚುತ್ತದೆ. ಬಿಚ್ಚಿದ ಇರುಳು 'ಥಂಡಿ ಬೀಳುತ್ತದೆ'. ಮಳೆ ಬೀಳುವಂತೆ, ಬಿಸಿಲು ಬೀಳುವಂತೆ, ಇಬ್ಬನಿ ಬೀಳುವಂತೆ ಚಳಿಯೂ ಮೇಲಿನಿಂದ ಬೀಳುವ ವಸ್ತು. ಭೌತವಿಜ್ಞಾನದ ದೃಷ್ಟಿಯಿಂದ ಇದು ತಿರುವುಮುರುವು. ಚಳಿ ಇಳಿಯುವುದಿಲ್ಲ, ನೆಲದ ಕಾವು ಮೇಲಕ್ಕೆ ಹೋಗುತ್ತದೆ. ಆದರೆ ದಿಕ್ಕು ತಪ್ಪಾದರೂ ಸಂಬಂಧ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಚಳಿಯನ್ನು ಗಾಳಿಯೊಂದಿಗೆ ಮಾತ್ರ ಜೋಡಿಸದೆ ಆಕಾಶದೊಂದಿಗೆ, ಅದರಲ್ಲಿಯೂ ಬಿಚ್ಚಿದ ಆಕಾಶದೊಂದಿಗೆ ಜೋಡಿಸಿರುವುದು ಈ ನುಡಿಗಟ್ಟಿನ ವೈಶಿಷ್ಟ್ಯ.

ಆಚರಣೆಯಲ್ಲಿ ಈ ಅರಿವು ಇನ್ನೂ ಸ್ಪಷ್ಟ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮುಗಿಲಿಗೆ ಮೈಯೊಡ್ಡಿ ಮಲಗುವವರು ಚಳಿಗಾಲದಲ್ಲಿ ಸೂರಿನ ಕೆಳಗೆ ಬರುತ್ತಾರೆ. ಗೋಡೆಯಿಲ್ಲದ ಬರಿಯ ಚಪ್ಪರವೂ ಮರದ ನೆರಳೂ ದನಕ್ಕೆ ಇರುಳಿನಲ್ಲಿ ಆಸರೆಯೆಂಬುದು ಎಲ್ಲರಿಗೂ ತಿಳಿದದ್ದು. ಗಾಳಿಯನ್ನು ತಡೆಯದ ಚಪ್ಪರ ಚಳಿಯನ್ನು ತಡೆಯುತ್ತದೆಂದರೆ ಅದು ತಡೆಯುತ್ತಿರುವುದು ಬೇರೇನನ್ನೋ ಎಂದಾಯಿತು. ಜೋಳದ ಹೊಲದ ಮಂಚಿಕೆಯ ಮೇಲೆ ಕಾವಲಿದ್ದವರಿಗೆ, ಹೊಲಗಳಲ್ಲಿ ಕುರಿ ತರುಬಿ ಕಂಬಳಿ ಹೊದ್ದು ಮಲಗುವ ಕುರಿಗಾರರಿಗೆ ಮುಗಿಲಿನ ಈ ಗುಣ ದಿನಚರಿಯ ಭಾಗವಾಗಿತ್ತು.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಕಡಲೆಯ ಹುಳಿ. ಕಡಲೆ ಗಿಡದ ಎಲೆಗಳ ಮೇಲಿನ ನವಿರಾದ ಕೂದಲುಗಳು ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಸಂಜೆ ತೆಳುವಾದ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಹಿಂಡಿ ಆ ಹುಳಿನೀರನ್ನು ಕೂಡಿಡುತ್ತಾರೆ. ಹೊಟ್ಟೆನೋವು, ಅಜೀರ್ಣಗಳಿಗೆ ಅದು ಮನೆಮದ್ದು. ಜನಪದ ವೈದ್ಯದ ಸಂಗ್ರಹಗಳಲ್ಲಿ ಈ ಮದ್ದಿನ ಉಲ್ಲೇಖ ಸಿಗುತ್ತದೆ. ಆದರೆ ಬಟ್ಟೆಯನ್ನು ಯಾವ ರಾತ್ರಿ ಹಾಸಬೇಕು, ಯಾವ ರಾತ್ರಿ ಹಾಸಬಾರದು ಎಂಬ ಲೆಕ್ಕವನ್ನು ಸಂಗ್ರಾಹಕರು ಸಾಮಾನ್ಯವಾಗಿ ಕೇಳುವುದಿಲ್ಲ. ಮೋಡ ಮುಚ್ಚಿದ ರಾತ್ರಿ ಬಟ್ಟೆ ನೆನೆಯುವುದಿಲ್ಲ. ಬಿಚ್ಚಿದ, ಗಾಳಿಯಿಲ್ಲದ ರಾತ್ರಿ ಅದು ಹಿಂಡುವಷ್ಟು ತೊಯ್ಯುತ್ತದೆ. ಅಂದರೆ ಆ ಬಟ್ಟೆ ಮದ್ದಿನ ಸಾಧನವಾಗಿರುವಂತೆಯೇ ಆ ಇರುಳಿನ ಆಕಾಶ ಎಷ್ಟು ಕಾವನ್ನು ಹಿಂದಿರುಗಿಸಿತು ಎಂಬುದರ ಒಂದು ಒರಟು ಅಳತೆಯೂ ಹೌದು.

ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವ ಮೊದಲು ವಿಜ್ಞಾನದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಇಬ್ಬನಿಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ. ಆತನ ಮುಖ್ಯ ಸಾಧನಗಳು ಉಷ್ಣಮಾಪಕ ಮತ್ತು ಉಣ್ಣೆಯ ಎಳೆಗಳು. ತೂಕ ಗೊತ್ತಿರುವ ಉಣ್ಣೆಯ ಚಿಕ್ಕ ಉಂಡೆಗಳನ್ನು ಹಲಗೆಯ ಮೇಲೊಂದು, ಕೆಳಗೊಂದು ಇಟ್ಟು, ಬೆಳಗ್ಗೆ ಮತ್ತೆ ತೂಗುತ್ತಿದ್ದ. ಮುಗಿಲಿಗೆ ತೆರೆದ ಉಣ್ಣೆ ಹೆಚ್ಚು ತೂಗುತ್ತಿತ್ತು. ಹುಲ್ಲಿನ ಮೇಲೆ ನಾಲ್ಕು ಕಡ್ಡಿ ನೆಟ್ಟು ತೆಳುವಾದ ಕರವಸ್ತ್ರವನ್ನು ಬಿಗಿದಾಗ ಅದರಡಿಯ ಹುಲ್ಲು ಸುತ್ತಲಿನ ಹುಲ್ಲಿಗಿಂತ ಬೆಚ್ಚಗಿರುವುದನ್ನು ಕಂಡ. ಇಬ್ಬನಿ ಮೇಲಿನಿಂದ ಬೀಳುವುದಿಲ್ಲ, ನೆಲ ತನ್ನ ಕಾವನ್ನು ಮುಗಿಲಿಗೆ ಚೆಲ್ಲಿ ತಣಿದಾಗ ಗಾಳಿಯ ತೇವ ಅದರ ಮೇಲೆ ಕೂಡುತ್ತದೆ ಎಂದು ಆತ ಇದರಿಂದ ಸಿದ್ಧಪಡಿಸಿದ. ವೆಲ್ಸ್‌ನ ಉಣ್ಣೆಗೂ ನಮ್ಮ ಕಡಲೆ ಹೊಲದ ಬಟ್ಟೆಗೂ ಇರುವ ಅಂತರ ತಕ್ಕಡಿಯೊಂದೇ. ಅದು ಸಣ್ಣ ಅಂತರವೆಂದು ನಾನು ಹೇಳುತ್ತಿಲ್ಲ.

ವೆಲ್ಸ್ ತನ್ನ ವಾದಕ್ಕೆ ಭಾರತದ ಒಂದು ಉದಾಹರಣೆಯನ್ನೂ ಬಳಸಿಕೊಂಡ. ಅಲಹಾಬಾದಿನಂಥ ಕಡೆ, ಗಾಳಿಯ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದರೂ, ಚಳಿಗಾಲದ ಇರುಳಿನಲ್ಲಿ ಮಂಜುಗಡ್ಡೆ ತಯಾರಿಸುವ ಕಸುಬಿತ್ತು. ಅಗಲವಾದ ತಗ್ಗುಗಳಲ್ಲಿ ಕಬ್ಬಿನ ಸೋಗೆಯಂಥ ಒಣ ಮೇವನ್ನು ಹಾಸಿ, ಅದರ ಮೇಲೆ ಚಿಕ್ಕ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಗಡ್ಡೆಕಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದ್ದಾನೆ. ಮುಗಿಲು ಶುಭ್ರವಾಗಿರಬೇಕು, ಗಾಳಿ ಇರಬಾರದು ಎಂಬ ನಿಯಮ ಆ ಕಸುಬಿನವರಿಗೆ ಗೊತ್ತಿತ್ತು. ಕಸುಬುದಾರರ ಹೆಸರುಗಳು ಉಳಿದಿಲ್ಲ, ವರ್ಣಿಸಿದವನ ಹೆಸರು ಉಳಿದಿದೆ. ಜಾನಪದ ವಿದ್ವಾಂಸರಿಗೆ ಇದು ಹೊಸ ಅನುಭವವೇನಲ್ಲ.

ಅಳತೆಯ ನಿಜವಾದ ಉಪಕರಣ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಸ್ವೀಡನ್ನಿನ ಕ್ನುಟ್ ಆಂಗ್‌ಸ್ಟ್ರಾಮ್ 1905ರಲ್ಲಿ 'ಪೈರ್ಜಿಯೋಮೀಟರ್' ಎಂಬ ಸಾಧನವನ್ನು ರೂಪಿಸಿದ. ಲೋಹದ ತೆಳು ಪಟ್ಟಿಗಳಲ್ಲಿ ಕೆಲವಕ್ಕೆ ಕಪ್ಪು ಬಳಿದು ಕೆಲವನ್ನು ಹೊಳೆಯುವಂತೆ ಬಿಟ್ಟು ಇರುಳ ಮುಗಿಲಿಗೆ ಒಡ್ಡಿದರೆ ಕಪ್ಪು ಪಟ್ಟಿಗಳು ಹೆಚ್ಚು ಬೇಗ ತಣಿಯುತ್ತವೆ. ಅವುಗಳಲ್ಲಿ ಸಣ್ಣ ವಿದ್ಯುತ್ ಹರಿಸಿ ಮತ್ತೆ ಸಮಕ್ಕೆ ತಂದರೆ, ವ್ಯಯವಾದ ವಿದ್ಯುತ್ತೇ ನೆಲ ಕಳೆದುಕೊಂಡ ಕಾವಿನ ಲೆಕ್ಕ. ಆತನ ಮಗ ಆಂಡರ್ಸ್ ಆಂಗ್‌ಸ್ಟ್ರಾಮ್ 1912ರಲ್ಲಿ ಆಲ್ಜೀರಿಯಾದಲ್ಲಿ, 1913ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇರುಳುಗಳನ್ನು ಅಳೆದು, ಗಾಳಿಯಲ್ಲಿ ತೇವ ಹೆಚ್ಚಿದಂತೆ ಆಕಾಶದಿಂದ ಇಳಿದು ಬರುವ ಕಾವೂ ಹೆಚ್ಚುತ್ತದೆ ಎಂಬ ಸೂತ್ರವನ್ನು ಕೊಟ್ಟ.

ಈ ವಿದ್ಯೆ ದಖ್ಖಣಕ್ಕೆ ಬಂದದ್ದು ಪುಣೆಯ ಮೂಲಕ. ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಎಲ್.ಎ. ರಾಮದಾಸ್ 1932ರಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗವನ್ನು ಅಲ್ಲಿ ಕಟ್ಟಿದರು. 1935ರಲ್ಲಿ ಕೆ.ಆರ್. ರಾಮನಾಥನ್ ಮತ್ತು ರಾಮದಾಸ್ ಅವರು ಆಂಗ್‌ಸ್ಟ್ರಾಮ್ ಸೂತ್ರಕ್ಕೆ ಸೈದ್ಧಾಂತಿಕ ಆಧಾರವನ್ನು ಒದಗಿಸುವ ಪ್ರಬಂಧವನ್ನು ಪ್ರಕಟಿಸಿದ್ದು ಬೆಂಗಳೂರಿನಲ್ಲಿ ರಾಮನ್ ಅದರ ಹಿಂದಿನ ವರ್ಷವಷ್ಟೇ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ರಾಮದಾಸರ ಮತ್ತೊಂದು ಶೋಧ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಬಿಚ್ಚಿದ ಶಾಂತ ಇರುಳಿನಲ್ಲಿ ಅತ್ಯಂತ ತಣ್ಣನೆಯ ಗಾಳಿ ನೆಲಕ್ಕೆ ತಾಗಿದ್ದಲ್ಲ, ನೆಲದಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲಿನದು ಎಂದು ಅವರು 1932ರಲ್ಲಿ ತೋರಿಸಿದರು. ಹೊರದೇಶದ ವಿದ್ವಾಂಸರು ಬಹುಕಾಲ ನಂಬಲಿಲ್ಲ. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತವರ ಸಹೋದ್ಯೋಗಿಗಳು 1990ರ ದಶಕದಲ್ಲಿ ವಿಕಿರಣದ ಆಧಾರದ ಮೇಲೆ ಇದಕ್ಕೆ ವಿವರಣೆ ಕೊಟ್ಟರು; ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಆ ಚರ್ಚೆ ಮುಂದುವರಿದು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಪಾತ್ರವನ್ನೂ ಸೇರಿಸಿಕೊಂಡಿತು. ಆ ತಣ್ಣನೆಯ ಪದರ ನಿಲ್ಲುವುದು ಸರಿಸುಮಾರು ಕಡಲೆ ಗಿಡದ ಎತ್ತರದಲ್ಲಿ.

ಎರಡನೆಯ ಹೆಸರು ಅನ್ನಾ ಮಣಿ. 1940ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ರಾಮನ್ ಪ್ರಯೋಗಾಲಯದಲ್ಲಿ ವಜ್ರ-ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದ ಇವರು 1948ರಲ್ಲಿ ಹವಾಮಾನ ಇಲಾಖೆಗೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆ ಮಾಡಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಹರಡಿದರು. ಬಲೂನಿಗೆ ಕಟ್ಟಿ ಮೇಲಕ್ಕೆ ಕಳುಹಿಸಿ ಅವಕೆಂಪು ವಿಕಿರಣವನ್ನು ಪದರ ಪದರವಾಗಿ ಅಳೆಯುವ ಸಾಧನವನ್ನು ಬಳಸಿ ಪಡೆದ ಫಲಿತಾಂಶಗಳನ್ನು ಅವರೂ ಸಹೋದ್ಯೋಗಿಗಳೂ 1965ರಲ್ಲಿ ಪ್ರಕಟಿಸಿದರು. ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಶೋಧಯಾನ ನಡೆದದ್ದೂ ಅದೇ ವರ್ಷಗಳಲ್ಲಿ. ಆ ಸಾಗರದ ಮೇಲಿನ ವಿಕಿರಣದ ಹಂಚಿಕೆಯನ್ನು ಕುರಿತೂ ಅವರು ಬರೆದರು. ನಿವೃತ್ತಿಯ ಅನಂತರ ಅವರು ಮತ್ತೆ ಬೆಂಗಳೂರಿಗೆ ಬಂದು ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಕೆಲಸವನ್ನು ಮುಂದುವರಿಸಿದ್ದು ಕನ್ನಡನಾಡಿನ ವಿಜ್ಞಾನ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಇಂದಿನ ಪೈರ್ಜಿಯೋಮೀಟರ್ ಅಂಗೈಯಗಲದ ಸಾಧನ. ಅವಕೆಂಪನ್ನು ಮಾತ್ರ ಒಳಬಿಟ್ಟು ಬಿಸಿಲನ್ನು ತಡೆಯುವ ಸಿಲಿಕಾನ್ ಗುಮ್ಮಟದ ಕೆಳಗೆ ಕಪ್ಪು ಬಳಿದ ಥರ್ಮೋಪೈಲ್ ಇರುತ್ತದೆ. ಅದು ಮುಗಿಲಿನಿಂದ ಪಡೆದದ್ದು, ಮುಗಿಲಿಗೆ ಕೊಟ್ಟದ್ದು ಇವುಗಳ ಅಂತರ ವಿದ್ಯುತ್ತಾಗಿ ಹೊರಬರುತ್ತದೆ. ಉಪಕರಣದ ಸ್ವಂತ ಉಷ್ಣತೆಯನ್ನು ತಿಳಿದು ಕೊಟ್ಟದ್ದನ್ನು ಕೂಡಿಸಿದರೆ ಪಡೆದದ್ದು ಸಿಗುತ್ತದೆ. ದಟ್ಟ ಮೋಡದ ತಳವು ತನ್ನ ಉಷ್ಣತೆಗೆ ತಕ್ಕಂತೆ, ಕೆಂಡವಲ್ಲದ ಕೆಂಡದ ಹಾಗೆ, ಕಾವನ್ನು ಸೂಸುತ್ತದೆ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಮೋಡದ ತಳ ಪ್ರತಿ ಚದರ ಮೀಟರಿಗೆ ಸುಮಾರು 418 ವ್ಯಾಟ್ ಸೂಸಬಲ್ಲದು. ಅದೇ ಮಳೆಮೋಡದ ತಲೆ 70 ಡಿಗ್ರಿ ಶೀತದಲ್ಲಿದ್ದರೆ ಅಲ್ಲಿಂದ ಮೇಲಕ್ಕೆ ಹೋಗುವುದು ಸುಮಾರು 96 ವ್ಯಾಟ್ ಮಾತ್ರ. 1983ರಲ್ಲಿ ಹಾರಿದ ಇನ್ಸಾಟ್-1ಬಿ ಕಾಲದಿಂದ ನಾವು ದೂರದರ್ಶನದಲ್ಲಿ ನೋಡುತ್ತ ಬಂದ ಉಪಗ್ರಹದ ಅವಕೆಂಪು ಚಿತ್ರ ಮೋಡದ ತಲೆಯದು. ಒಕ್ಕಲಿಗನ ಮೈಗೆ ತಾಗುವುದು ಮೋಡದ ಹೊಟ್ಟೆ. ಈ ಎರಡನೆಯದನ್ನು ತಿಳಿಯಬೇಕಾದರೆ ಕೆಳಗೆ ನಿಂತೇ ಅಳೆಯಬೇಕು.

ಕಡಲ ಮೇಲೆ ಹೀಗೆ ನಿಂತು ಅಳೆಯುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರದ ಪಾಲು ದೊಡ್ಡದು. 1999ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ನಡೆದ 'ಬಾಬ್‌ಮೆಕ್ಸ್' ಎಂಬ ಬಂಗಾಳ ಕೊಲ್ಲಿಯ ಮಾನ್ಸೂನ್ ಪ್ರಯೋಗದಲ್ಲಿ 'ಸಾಗರ ಕನ್ಯಾ' ಹಡಗು ವಾರಗಟ್ಟಲೆ ಕೊಲ್ಲಿಯಲ್ಲಿ ನಿಂತು ಗಾಳಿ, ತೇವ, ಬಿಸಿಲು ಮತ್ತು ಆಕಾಶದ ಕಾವನ್ನು ದಾಖಲಿಸಿತು. ಕೇಂದ್ರದ ಜಿ.ಎಸ್. ಭಟ್ ಇದರ ಮುಂದಾಳುಗಳಲ್ಲಿ ಒಬ್ಬರು. ಅನಂತರ 2002-03ರಲ್ಲಿ ಅರಬ್ಬೀ ಸಮುದ್ರದಲ್ಲಿ 'ಆರ್ಮೆಕ್ಸ್' ನಡೆಯಿತು. ಅದರ ಮೊದಲ ಹಂತ ನಡೆದ 2002ರ ಜುಲೈಯಲ್ಲಿಯೇ ದೇಶದ ಮಳೆ ವಾಡಿಕೆಯ ಅರ್ಧದಷ್ಟಕ್ಕೆ ಇಳಿದು ಮೋಡ ಹುಡುಕಿ ಹೋದವರಿಗೆ ಮೋಡ ಅಪರೂಪವಾದದ್ದು ವಿಪರ್ಯಾಸ. ಹಡಗಿನ ಮೇಲಿನ ಮಾಪನ ಸುಲಭವಲ್ಲ. ಉಪ್ಪುನೀರಿನ ಸಿಂಚನ ಗುಮ್ಮಟದ ಮೇಲೆ ಒಣಗಿ ಪೊರೆಯಾಗುತ್ತದೆ, ಹಡಗು ಹೊಯ್ದಾಡುತ್ತದೆ, ಹಗಲಿನಲ್ಲಿ ಗುಮ್ಮಟವೇ ಬಿಸಿಯೇರಿ ಸುಳ್ಳು ಕಾವನ್ನು ತೋರಿಸುತ್ತದೆ, ಹಡಗಿನ ಹೊಗೆಗೊಳವಿಯೂ ತನ್ನ ಕಾವನ್ನು ಸೇರಿಸುತ್ತದೆ.

ಈ ಕಷ್ಟಗಳೆಲ್ಲಕ್ಕಿಂತ ಮೂಲಭೂತವಾದದ್ದು ಕಡಲ ಗಾಳಿಯ ತೇವ. ನೀರಾವಿಯೂ ಅವಕೆಂಪನ್ನು ಸೂಸುತ್ತದೆ. 8ರಿಂದ 12 ಮೈಕ್ರಾನ್ ಅಲೆಯುದ್ದದ ನಡುವೆ ಒಣ ಗಾಳಿಯಲ್ಲಿ ಒಂದು ಕಿಟಕಿ ತೆರೆದಿರುತ್ತದೆ; ನೆಲದ ಕಾವು ಆಕಾಶಕ್ಕೆ ಹೋಗುವುದು ಹೆಚ್ಚಾಗಿ ಅದರ ಮೂಲಕ. ಮುಂಗಾರಿನ ಕೊಲ್ಲಿಯ ಮೇಲೆ ನೀರಾವಿ ಆ ಕಿಟಕಿಯನ್ನು ಅರ್ಧ ಮುಚ್ಚಿಬಿಟ್ಟಿರುತ್ತದೆ. ಆದ್ದರಿಂದ ಅಲ್ಲಿ ಮೋಡ ಬಂದರೂ ಹೋದರೂ ಇಳಿಯುವ ಕಾವಿನಲ್ಲಿ ಆಗುವ ವ್ಯತ್ಯಾಸ ಚಿಕ್ಕದು. ಆಂಗ್‌ಸ್ಟ್ರಾಮ್ ಬಗೆಯ ಸೂತ್ರಗಳಿಂದ ಲೆಕ್ಕ ಹಾಕಿದರೆ 28 ಡಿಗ್ರಿಯ ತೇವಭರಿತ ಕಡಲ ಗಾಳಿಯಲ್ಲಿ ಅದು ಇಪ್ಪತ್ತು-ಮೂವತ್ತು ವ್ಯಾಟ್ ಇದ್ದೀತು. ಪುಷ್ಯಮಾಸದ ಒಣ ಇರುಳಿನಲ್ಲಿ, 15 ಡಿಗ್ರಿಯ ಬೀದರ್ ಬಯಲಿನಲ್ಲಿ, ತಗ್ಗಿನ ದಟ್ಟ ಮೋಡವೊಂದು ಬಂದು ಕಿಟಕಿಯನ್ನು ಮುಚ್ಚಿದರೆ ಅದರ ಇಮ್ಮಡಿಯಷ್ಟು, ಅರವತ್ತು ವ್ಯಾಟ್‌ನ ಆಸುಪಾಸು, ವ್ಯತ್ಯಾಸವಾಗುತ್ತದೆ. ಅದೇ ಕೊಲ್ಲಿಯ ಮೋಡ ತನ್ನ ಮನೆಯಲ್ಲಿ ಮರೆಯಾಗಿದ್ದು, ಪರಸ್ಥಳದಲ್ಲಿ ಗುರುತಾಗುತ್ತದೆ. ಕರಾವಳಿಯಲ್ಲಿ ಮೋಡದ ಸೆಕೆ ಮತ್ತು ಗಾಳಿಯ ಸೆಕೆ ಬೇರೆಯಾಗಿ ತೋರುವುದಿಲ್ಲ. ಒಣನಾಡಿನಲ್ಲಿ ಮುಚ್ಚಿದ ಇರುಳು, ಬಿಚ್ಚಿದ ಇರುಳು ಎಂಬ ಎರಡು ಜಾತಿಗಳೇ ಇವೆ. ಈ ಭೇದ ನುಡಿಯಲ್ಲಿಯೂ ಕಸುಬಿನಲ್ಲಿಯೂ ಇಲ್ಲಿ ಇಷ್ಟು ನೆಲೆಗೊಂಡಿರುವುದಕ್ಕೆ ಇದು ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಈ ಭೇದದ ಮೇಲೆ ಬದುಕು ನಿಂತಿತ್ತು, ಇಂದಿಗೂ ನಿಂತಿದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬಿಗೆ ಬಿಚ್ಚಿದ ಇರುಳು ಬೇಕು. ಎಳ್ಳ ಅಮಾವಾಸ್ಯೆಯಂದು ಭಜ್ಜಿ-ಅಂಬಲಿಯ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಒಕ್ಕಲಿಗರು ನೋಡುವುದು ಪೈರನ್ನು ಮಾತ್ರವಲ್ಲ, ಚಳಿ ಹಿಡಿದಿದೆಯೇ ಎಂಬುದನ್ನೂ. ತೊಗರಿಗೆ ಹೂ ಬಿಟ್ಟ ಕಾಲದಲ್ಲಿ ನಾಲ್ಕಾರು ದಿನ ಮಾಡ ಮುಚ್ಚಿತೆಂದರೆ ಮನೆಮನೆಯಲ್ಲಿ ಆತಂಕ. ಹೂ ಉದುರುತ್ತದೆ, ಕಾಯಿಕೊರಕ ಹುಳು ಏಳುತ್ತದೆ. ಮೋಡದ ನೆರಳು, ತೇವ, ಇಳಿಯದ ಇರುಳಿನ ಉಷ್ಣತೆ ಇವು ಮೂರೂ ಕೂಡಿ ಹುಳುವಿಗೆ ಅನುಕೂಲ ಮಾಡಿಕೊಡುತ್ತವೆ. 1997-98ರ ಹಂಗಾಮಿನಲ್ಲಿ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ತೊಗರಿಯನ್ನು ಕಾಯಿಕೊರಕ ನೆಲಕಚ್ಚಿಸಿತು. ಅದರ ಬೆನ್ನಿಗೆ ಬಂದ ರೈತರ ಆತ್ಮಹತ್ಯೆಗಳ ಸುದ್ದಿ ರಾಜ್ಯವನ್ನೇ ಕಲಕಿತು. ಔಷಧಿಗೆ ಬಗ್ಗದ ಹುಳುವನ್ನು ಗಿಡ ಅಲುಗಾಡಿಸಿ ಕೆಳಗೆ ಹಾಸಿದ ಹಚ್ಚಡದಲ್ಲಿ ಉದುರಿಸಿ ಕೊಲ್ಲುವ ಹಳೆಯ ಪದ್ಧತಿಯನ್ನು ಆಗ ಕೃಷಿ ವಿಜ್ಞಾನಿಗಳೂ ಎತ್ತಿಹಿಡಿದರು. ಹಳೆಯದನ್ನು ಕೇಳುವುದಕ್ಕೆ ಅಷ್ಟು ದೊಡ್ಡ ಅನಾಹುತವಾಗಬೇಕಾಯಿತು.

ಇಷ್ಟಾದರೂ ಜನಪದರಿಗೆ ಅವಕೆಂಪು ಕಿರಣ ಮೊದಲೇ ಗೊತ್ತಿತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇಂಥ ವಾದಗಳು ಜನಪದರನ್ನೂ ಗೌರವಿಸುವುದಿಲ್ಲ, ವಿಜ್ಞಾನವನ್ನೂ ಗೌರವಿಸುವುದಿಲ್ಲ. ಮೋಡವನ್ನು ಕೌದಿಗೆ ಹೋಲಿಸುವುದು ಸಾಮಾನ್ಯ. ಪಠ್ಯಪುಸ್ತಕಗಳೂ ಕಂಬಳಿ ಎಂದೇ ಹೇಳುತ್ತವೆ. ಕೌದಿ ಮೈಯ ಕಾವನ್ನು ಹೋಗಗೊಡದೆ ಹಿಡಿಯುತ್ತದೆ. ಮೋಡ ಹಾಗಲ್ಲ. ನೆಲ ಚೆಲ್ಲಿದ್ದನ್ನು ಅದು ಹೀರಿಕೊಂಡು, ತನ್ನದೇ ಉಷ್ಣತೆಗೆ ತಕ್ಕಷ್ಟನ್ನು ಕೆಳಕ್ಕೆ ಸೂಸುತ್ತದೆ. ಕೌದಿಗಿಂತ ಅದು ದೂರದ ಒಲೆಗೆ ಹತ್ತಿರ. ಎತ್ತರದ ತೆಳು ಮೋಡ ಬಂದರೂ ಚಳಿ ಬಿಡದಿರುವುದು, ತಗ್ಗಿನ ಮೋಡ ಬಂದೊಡನೆ ಬಿಡುವುದು ಇದರಿಂದಲೇ. ಮೇಲಿನ ಒಲೆ ತಣ್ಣಗಿದೆ, ಕೆಳಗಿನದು ಬೆಚ್ಚಗಿದೆ. ಮೋಡದ ಎತ್ತರಕ್ಕೂ ಇರುಳಿನ ಕಾವಿಗೂ ಇರುವ ಈ ನಂಟನ್ನು ನಮ್ಮ ವಕ್ತೃಗಳು ಗುರುತಿಸಿದ್ದಾರೆಯೇ, ಅದಕ್ಕೆ ಅವರಲ್ಲಿ ಹೆಸರುಗಳಿವೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ಮಳೆಯ ಹೆಸರುಗಳಿಗೆ ಪುಟಗಟ್ಟಲೆ ಜಾಗವಿರುತ್ತದೆ. ಮಳೆ ತಾರದ ಮೋಡಕ್ಕೆ ಒಂದು ಸಾಲೂ ಇರುವುದಿಲ್ಲ.

ಉಪಕರಣಗಳು ಈ ಸೀಮೆಯ ಹತ್ತಿರಕ್ಕೂ ಬಂದಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2018 ಮತ್ತು 2019ರ ಮುಂಗಾರಿನಲ್ಲಿ ಸೊಲ್ಲಾಪುರದಲ್ಲಿ ರೇಡಾರ್, ರೇಡಿಯೋಮೀಟರ್‌ಗಳನ್ನು ನೆಲೆಗೊಳಿಸಿ ಮೋಡಬಿತ್ತನೆಯ ಪ್ರಯೋಗ ನಡೆಸಿತು. ಸೊಲ್ಲಾಪುರದಿಂದ ಉಮರ್ಗಾ ದಾಟಿ ಹುಮನಾಬಾದಿಗೆ ಬರುವ ಹೆದ್ದಾರಿಯ ಮೇಲೆಯೇ ಅದೇ ಮೋಡಗಳು ಮೂಡಣಕ್ಕೆ ಸಾಗುತ್ತವೆ. ಆದರೆ ಅಲ್ಲಿಯ ಕಾಳಜಿಯೂ ಮಳೆಯೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಳವಡಿಸಿದ ಮಾಪಕಗಳು ಅಳೆಯುವುದೂ ಮಳೆಯನ್ನೇ. ಸಂಗ್ರಾಹಕರಂತೆ ಯಂತ್ರಗಳೂ ಹಿಂಗಾರಿಯ ಇರುಳನ್ನು ಬದಿಗಿರಿಸಿವೆ.

2020ರಲ್ಲಿ ಕೋವಿಡ್ ಬಂದಾಗ ಹಳ್ಳಿಹಳ್ಳಿಯ ಜನ ಹಣೆಗೆ ಹಿಡಿಯುವ ಅವಕೆಂಪು ಉಷ್ಣಮಾಪಕವನ್ನು ಕಂಡರು. ಅದು ಮೈಯ ಉಷ್ಣತೆಗೆ ಮಾತ್ರ ಹೊಂದಿಸಿದ್ದು, ಮುಗಿಲಿಗೆ ಒದಗುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ, ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯನ್ನೂ ಓದಬಲ್ಲ ಅದೇ ಜಾತಿಯ ಸಾಧನವನ್ನು ನೆತ್ತಿಯ ಮೇಲಿನ ಆಕಾಶಕ್ಕೆ ಹಿಡಿದರೆ ಬಿಚ್ಚಿದ ಮುಗಿಲಿಗೂ ಮುಚ್ಚಿದ ಮುಗಿಲಿಗೂ ಇರುವ ಅಂತರ ಕೂಡಲೇ ಅಂಕಿಯಲ್ಲಿ ಕಾಣುತ್ತದೆ. ಜಾನಪದ ವಿಭಾಗವೊಂದು ಕೊಳ್ಳಲಾಗದ ವಸ್ತುವಲ್ಲ ಅದು. ಘಾಟಬೋರಾಳದಂಥ ಊರಿನಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಪ್ರತಿ ಇರುಳು ಈ ಅಂಕಿಯನ್ನು ಬರೆದುಕೊಳ್ಳಬೇಕು. ಜೊತೆಗೆ ಕಡಲೆಯ ಮೇಲೆ ಹಾಸಿದ ಬಟ್ಟೆಯನ್ನು ಹಿಂಡುವ ಮೊದಲು ತೂಗಬೇಕು. ಇವೆರಡರ ಪಕ್ಕದಲ್ಲಿ, ಆ ಇರುಳನ್ನು ಹಿರಿಯರು ಯಾವ ಮಾತಿನಿಂದ ಕರೆದರು ಎಂಬುದನ್ನು ಅವರ ನುಡಿಯಲ್ಲಿಯೇ ದಾಖಲಿಸಬೇಕು. ಸೋಯಾಬೀನ್ ಮತ್ತು ಕಬ್ಬು ಹರಡಿದಂತೆ ಹಿಂಗಾರಿ ಜೋಳದ ಹೊಲಗಳು ಕಿರಿದಾಗುತ್ತಿವೆ, ಮಂಚಿಕೆಯ ಮೇಲೆ ರಾತ್ರಿ ಕಳೆದವರು ಎಪ್ಪತ್ತು ದಾಟಿದ್ದಾರೆ.